ಮಿಸ್ ಹಾರ್ಪರ್ ಅವರ ಬೆರಳುಗಳು

ಬೆಟಗೇರಿಯ ನೇಕಾರರ ಓಣಿಯಲ್ಲಿ ಹೆಂಗಸರು ದೀಪ ಹಚ್ಚುವ ಮುಂಚೆ ಅಂಗಳಕ್ಕೆ ನೀರು ಹೊಡೆಯುವ ಹೊತ್ತಿಗೆ, ಕಸ್ತೂರಿ ಮುಳಗುಂದ ಹೆಗಲಿಗೆ ಚೀಲ ಏರಿಸಿಕೊಂಡು ಅಮೆರಿಕಕ್ಕೆ ಹೊರಡುತ್ತಿದ್ದಳು. ನಡೆದುಕೊಂಡೇ ಹೋಗುತ್ತಿದ್ದಳು. ಗದಗಿನ ಹಳೇ ಹತ್ತಿ ಜಿನ್ನಿನ ಗೋದಾಮು ಅಲ್ಲಿಂದ ದೂರವೇನಿರಲಿಲ್ಲ. ಒಳಗೆ ಸಾಲಾಗಿ ಗಾಜಿನ ಗೂಡುಗಳಿದ್ದವು, ಒಂದೊಂದು ಗೂಡೂ ಸಮುದ್ರದಾಚೆಯ ಯಾವುದೋ ಶಾಲೆಯ ಒಂದು ತರಗತಿಗೆ ತೆರೆದುಕೊಳ್ಳುತ್ತಿತ್ತು.

"ಹೊಂಟ್ರ್ಯಾ ಅಕ್ಕೋರ, ಅಮೆರಿಕಾಕ್ಕ?" ಕೆಳಮನೆಯ ಪಾರವ್ವ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟುಕೊಂಡೇ ಕೇಳುವಳು. ಕಸ್ತೂರಿ ಬಾಡಿಗೆಗಿದ್ದ ಮಾಳಿಗೆಯ ಕೋಣೆ ಅವಳದೇ.

"ಹೊಂಟೆ ಪಾರಕ್ಕಾ. ಏನರ ತರಬೇಕೇನು?"

"ಅಲ್ಲಿ ಗಾಳಿ ತಂಪಿರತೈತಂತ. ಒಂದ್ ಚೀಲ ತುಂಬಕೊಂಡ್ ಬಾ." ಲಾಳಿ ಒಂದು ಸಲ ಆ ಕಡೆಗೆ, ಒಂದು ಸಲ ಈ ಕಡೆಗೆ. "ನಮ್ಮ ಓಣಿ ಸಾಲ್ಯಾಗ ಗಣಿತಕ್ಕ ಮಾಸ್ತರ ಇಲ್ಲ. ನೀ ನೋಡಿದ್ರ ಬಿಳಿ ಹುಡುಗರಿಗೆ ಮಗ್ಗಿ ಕಲಸ್ತಿ. ಇದೆಂಥಾ ನ್ಯಾಯ ಅಂತೇನಿ."

"ಆ ಸಾಲ್ಯಾಗ ನಾನ ಇದ್ನೆಲ್ಲ. ಅತಿಥಿ ಶಿಕ್ಷಕಿ ಅಂತ ಕರದ್ರು, ಅತಿಥಿ ಹಂಗ ಕಳಿಸಿಬಿಟ್ರು."

ಪಾರವ್ವ ನಕ್ಕಳು. ಕಸ್ತೂರಿಯೂ ನಕ್ಕಳು. ಆ ಹೊತ್ತಿನಿಂದ ಮರುದಿನ ಬೆಳಗಿನವರೆಗೆ ಅವಳ ಸ್ವಂತ ದನಿಯನ್ನು ಯಾರಾದರೂ ಕೇಳುವುದು ಹೆಚ್ಚುಕಮ್ಮಿ ಅಷ್ಟೇ ಆಗಿತ್ತು.

ಯಾಕೆಂದರೆ ಗೂಡಿನಲ್ಲಿ ಕೂತಮೇಲೆ ಅವಳು ಕಸ್ತೂರಿಯಾಗಿ ಉಳಿಯುತ್ತಿರಲಿಲ್ಲ. ಅಲ್ಲಿದ್ದ ಯಂತ್ರದ ಹೆಸರು ಛಾಯೆ. ಕೊರಳಿಗೆ ಒಂದು ಮೆತ್ತನೆಯ ಪಟ್ಟಿ ಕಟ್ಟಿಕೊಳ್ಳಬೇಕು. ಗಂಟಲ ಸ್ನಾಯುಗಳು ಅಲುಗುತ್ತಿದ್ದಂತೆಯೇ ಅದು ಮಾತನ್ನು ಹಿಡಿದುಬಿಡುತ್ತದೆ. ಕಸ್ತೂರಿ ತನ್ನ ಗದಗಿನ ಇಂಗ್ಲಿಷಿನಲ್ಲಿ ಆಡಿದ್ದು ಆ ಕಡೆ ಹಾರ್ಲನ್ ಫೋರ್ಕ್ ಎಂಬ ಸಣ್ಣ ಊರಿನ, ಅಲ್ಲೇ ಹುಟ್ಟಿ ಅಲ್ಲೇ ಬೆಳೆದ ಹೆಣ್ಣುಮಗಳ ಇಂಗ್ಲಿಷಾಗಿ ಕೇಳಿಸುತ್ತದೆ. ಎದುರಿನ ಕ್ಯಾಮೆರಾಗಳು ಅವಳ ಮುಖ ತೆಗೆದಿಟ್ಟು, ನಸುಗೆಂಪು ಕೂದಲಿನ, ಮೂಗಿನ ಸುತ್ತ ಎಳ್ಳು ಚೆಲ್ಲಿದಂಥ ಚುಕ್ಕೆಗಳ ಮಿಸ್ ಹಾರ್ಪರ್ ಮುಖ ಕೂರಿಸುತ್ತವೆ. ಮಕ್ಕಳ ಮಟ್ಟಿಗೆ ಮಿಸ್ ಹಾರ್ಪರ್ ಅವರದೇ ರಾಜ್ಯದ ರಾಜಧಾನಿಯಲ್ಲಿ ಕೂತು, ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಪಾಠ ಹೇಳುವ ಟೀಚರು. ಕೈಗಳನ್ನು ಮಾತ್ರ ಯಂತ್ರ ಹೆಚ್ಚು ತಿದ್ದುತ್ತಿರಲಿಲ್ಲ. ಹಲಗೆಯ ಮೇಲೆ ಬರೆಯುವಾಗ ಬೆರಳು ತಡವರಿಸಿದಂತೆ ಕಾಣಬಾರದೆಂದು ಬಣ್ಣವಷ್ಟೇ ಬದಲಿಸಿ ಬಿಟ್ಟಿದ್ದರು.

ಮೊದಮೊದಲು ಇನ್ನೊಂದು ತೊಂದರೆಯಿತ್ತು. ಮಾತು ನಿಂತರೆ ಛಾಯೆ ತಾನಾಗಿಯೇ ‘ಭೇಷ್ ಕಂದಾ, ಇನ್ನೊಮ್ಮೆ ನೋಡು’ ಎಂಬಂಥದ್ದೇನನ್ನೋ ತುಂಬುತ್ತಿತ್ತು. ಕಸ್ತೂರಿ ಕೇಂದ್ರದ ಮೇಲ್ವಿಚಾರಕ ಪ್ರಭು ಅವರ ಹತ್ತಿರ ಹೋಗಿ ನಿಂತಳು.

"ಸರ್, ನಾ ಸುಮ್ಮಕಿದ್ದಾಗ ಅದೂ ಸುಮ್ಮಕಿರಬೇಕ್ರಿ."

"ಸುಮ್ಮಕಿದ್ರ ಅಲ್ಲಿ ಮಂದಿಗೆ ಲೈನ್ ಕಟ್ ಆತು ಅನಸ್ತೈತ್ರಿ ಮೇಡಂ."

"ಅನಸಲಿ ಬಿಡ್ರಿ. ಹುಡುಗರಿಗೆ ಇಚಾರ ಮಾಡಾಕ ಜಾಗಾ ಬೇಕಲ್ರಿ. ನಾವ ತುಂಬಿಬಿಟ್ರ ಅವರು ಎಲ್ಲಿ ಇಡಬೇಕು?"

ಪ್ರಭು ತಲೆ ಕೆರೆದುಕೊಂಡು ಮಾತು ತುಂಬುವ ಗುಂಡಿಯೊಂದನ್ನು ಆರಿಸಿಕೊಟ್ಟರು.

ಹಾರ್ಲನ್ ಫೋರ್ಕಿನ ನಾಲ್ಕನೇ ತರಗತಿಯಲ್ಲಿ ಟೆಸ್ಸಾ ಎಂಬ ಹುಡುಗಿಯಿದ್ದಳು. ಲೆಕ್ಕದಲ್ಲಿ ಸೋತು ಅದೇ ತರಗತಿಯಲ್ಲಿ ಎರಡನೇ ವರ್ಷ ಕೂತವಳು. ತನಗಿಂತ ಗಿಡ್ಡ ಮಕ್ಕಳ ನಡುವೆ ಉದ್ದನೆಯ ಕಾಲು ಬೆಂಚಿನ ಕೆಳಗೆ ಮಡಚಿಕೊಂಡು, ಕೇಳಿದ್ದಕ್ಕೆಲ್ಲ ‘ಗೊತ್ತಿಲ್ಲ’ ಅನ್ನುವುದನ್ನೇ ಉತ್ತರ ಮಾಡಿಕೊಂಡಿದ್ದಳು. ಉಳಿದ ಮಕ್ಕಳು ಲೆಕ್ಕಕ್ಕೆ ಹತ್ತು ಬೆರಳು ಬಿಚ್ಚಿ ಮಡಿಸುತ್ತಿದ್ದರು. ಟೆಸ್ಸಾಗೆ ಹತ್ತು ದಾಟಿತೆಂದರೆ ಕೈ ಮುಗಿದುಹೋಗುತ್ತಿತ್ತು, ಅದರ ಸಂಗಡ ಧೈರ್ಯವೂ.

ಒಂದು ದಿನ ಉಳಿದವರು ಆಟಕ್ಕೆ ಹೋದಮೇಲೆ ಕಸ್ತೂರಿ ಪರದೆಗೆ ಅಂಗೈ ತೋರಿಸಿದಳು. ಅವಳಿಗೆ ಅದು ಕಲಿಸುವ ವಿಧಾನವೆಂದೂ ಅನಿಸಿರಲಿಲ್ಲ. ಸಂತೆಯಲ್ಲಿ ಕಾಯಿ ಎಣಿಸುವವರು, ಜಪ ಮಾಡುವ ಅಜ್ಜಂದಿರು, ಬಸುರಿಯ ತಿಂಗಳು ಲೆಕ್ಕ ಹಾಕುವ ಸೂಲಗಿತ್ತಿಯರು, ಯಾರು ಎಣಿಸಿದರೂ ಹಾಗೇ ಎಣಿಸುವುದು. ಹೆಬ್ಬೆರಳ ತುದಿ ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳ ಮೇಲೆ ಮೆಟ್ಟಿಲು ಹತ್ತಿದಂತೆ ಹತ್ತಿ ಇಳಿಯುತ್ತದೆ. ಬೆರಳಿಗೆ ಮೂರು, ಕೈಗೆ ಹನ್ನೆರಡು.

ಟೆಸ್ಸಾ ತನ್ನ ಅಂಗೈಯನ್ನು ಮೊದಲ ಸಲ ನೋಡುವವಳಂತೆ ನೋಡಿಕೊಂಡಳು. "ಇಷ್ಟೊಂದು ಇತ್ತಾ ಇಲ್ಲಿ?" ಅಂದಳು.

ಕಸ್ತೂರಿ ಏನೂ ಹೇಳಲಿಲ್ಲ. ಹುಡುಗಿ ತಪ್ಪು ಹೇಳಿದಾಗಲೂ ಏನೂ ಹೇಳುತ್ತಿರಲಿಲ್ಲ. ಮುಖ ಸಿಂಡರಿಸದೆ, ನಗದೆ, ಒಲೆಯ ಮೇಲಿಟ್ಟ ಹಾಲನ್ನು ಕಾದಂತೆ ಕಾಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಟೆಸ್ಸಾ ತಾನೇ ಹಿಂದಕ್ಕೆ ಹೋಗಿ, ಎಡವಿದ ಕಲ್ಲನ್ನು ಹುಡುಕಿಕೊಂಡು ಬರುತ್ತಿದ್ದಳು.

ಹೀಗೆ ಆಟದ ಹೊತ್ತೆಲ್ಲ ಅವರಿಬ್ಬರದಾಯಿತು. ಲೆಕ್ಕದ ನಡುನಡುವೆ ಮನೆಯ ಮಾತೂ ಬರುತ್ತಿತ್ತು. "ಮಿಸ್ ಹಾರ್ಪರ್, ಯಾರಿಗೂ ಹೇಳಬಾರದು. ಗಾಡಿಗಳ ಗೇರ್ ಮಾಡೋ ಕಾರ್ಖಾನೆ ಮುಚ್ಚಿ, ಯಂತ್ರಗಳೆಲ್ಲ ಬೇರೆ ದೇಶಕ್ಕೆ ಹೋದವಲ್ಲ, ಆದರೂ ಅಪ್ಪ ದಿನಾ ಬೆಳಿಗ್ಗೆ ಊಟದ ಡಬ್ಬಿ ತಗೊಂಡು ಹೋಗ್ತಾನೆ. ಅದರ ಗೇಟಿನ ಮುಂದೆ ಗಾಡಿ ನಿಲ್ಲಿಸಿಕೊಂಡು ಸಂಜೆತನಕ ಕೂತಿರ್ತಾನೆ. ಅಜ್ಜಿ ಮನೆ ಬಿಟ್ಟು ಹೊರಗೆ ಬರಲ್ಲ, ಅಪ್ಪನ ಕೆಲಸ ಹೋಗಿದ್ದು ಅವರಿಗೆ ಗೊತ್ತಿಲ್ಲ."

ಕಸ್ತೂರಿಗೆ ಅವತ್ತು ತಾನು ತಂದಿದ್ದ ರೊಟ್ಟಿ ಸೇರಲಿಲ್ಲ. ಪಕ್ಕದ ಗೂಡಿನಲ್ಲಿ ಎಂಟನೇ ತರಗತಿಗೆ ಇತಿಹಾಸ ಹೇಳುತ್ತಿದ್ದ ಶಕೀಲಾ, "ಯಾಕ ಕಸ್ತೂರಿ, ನಾ ಮಾಡಿದ ಪಲ್ಯಾ ಅಷ್ಟ ಕೆಟ್ಟೈತೇನು?" ಅಂತ ಡಬ್ಬಿ ಮುಂದೆ ನೂಕಿದಳು. ಕಸ್ತೂರಿ ತಿಂದಳು, ಮಾತು ಹೇಳಲಿಲ್ಲ. ಯಾರಿಗೂ ಹೇಳಬಾರದು ಅಂದಿದ್ದಳಲ್ಲ ಹುಡುಗಿ.

ಆ ವರ್ಷ ಆ ರಾಜ್ಯದಲ್ಲಿ ಚುನಾವಣೆಯಿತ್ತು. ಎರಡೂ ಕಡೆಯವರ ಬಾಯಲ್ಲಿ ಒಂದೇ ಪದ, ‘ಮಟ್ಟ’. ನಮ್ಮ ಮಕ್ಕಳ ಕಲಿಕೆಯ ಮಟ್ಟ ಕುಸಿದಿದೆ, ಅದಕ್ಕೇ ಕಾರ್ಖಾನೆಗಳು ದೇಶ ಬಿಟ್ಟು ಹೋದವು ಎಂದು ಒಬ್ಬರು. ಇಲ್ಲ, ಮಟ್ಟ ಏರುತ್ತಿದೆ, ಈ ಪರದೆಯ ಪಾಠಗಳಿಂದಲೇ ಏರುತ್ತಿದೆ ಎಂದು ಇನ್ನೊಬ್ಬರು. ವಿಟ್‌ಕಾಂಬ್ ಎಂಬ ಸೆನೆಟರ್ ಒಬ್ಬ ಊರೂರಿಗೆ ಹೋಗಿ ಹೇಳುತ್ತಿದ್ದ. "ಗೇರ್ ಹೋಯಿತು, ಟೈರ್ ಹೋಯಿತು, ಸುಮ್ಮನಿದ್ದೆವು. ಈಗ ನಮ್ಮ ಮಕ್ಕಳ ಗುಣಾಕಾರವನ್ನೂ ಹೊರದೇಶಕ್ಕೆ ಕೊಟ್ಟಿದ್ದೇವೆಂಬ ಅನುಮಾನ ನನಗಿದೆ. ಆ ಪರದೆಯ ಹಿಂದೆ ಇರುವವರು ಯಾರು?" ಛಾಯೆ ನಡೆಸುವ ಕಂಪನಿ ನಗುತ್ತಲೇ ಉತ್ತರ ಕೊಡುತ್ತಿತ್ತು, ಎಲ್ಲರೂ ಇಲ್ಲಿನವರೇ ಎಂದು.

ಪಾರವ್ವ ಮಗ್ಗದ ಪಕ್ಕದ ಮೊಬೈಲಿನಲ್ಲಿ ಆ ಭಾಷಣದ ಕನ್ನಡ ತರ್ಜುಮೆ ಕೇಳಿ ಅಂದಳು, "ಆ ಮನಷ್ಯಾ ಹೇಳೂದೂ ಖರೇನ ಐತಿ ಬಿಡು. ಯಂತ್ರದ ಮಗ್ಗ ಬಂದಾಗ ನಮ್ಮಪ್ಪನೂ ಹಿಂಗ ಒದರ್‍ಯಾಡಿದ್ದ."

"ಮತ್ತ ನಾ ತಪ್ಪ ಮಾಡಾಕತ್ತೇನೇನು?"

"ನೀ ಹೊಟ್ಟಿಗಿ ಮಾಡಾಕತ್ತಿ. ಅದಕ್ಕ ತಪ್ಪು ಒಪ್ಪು ಅಂತ ಬ್ಯಾರೆ ಇರತೈತೇನ?"

ವರ್ಷದ ಕೊನೆಗೆ ರಾಜ್ಯಮಟ್ಟದ ಪರೀಕ್ಷೆ ಬಂತು. ಟೆಸ್ಸಾ ಲೆಕ್ಕದಲ್ಲಿ ಪಾಸಾದಳು, ಅದೂ ತರಗತಿಯಲ್ಲಿ ಮೊದಲ ಸಾಲಿನಲ್ಲಿ. ಕಸ್ತೂರಿ ಆ ಸಂಜೆ ಗೂಡಿನಲ್ಲಿ ಒಬ್ಬಳೇ ಒಂದು ಪೇಢೆ ತಿಂದಳು. ಒಂದು ವಾರದೊಳಗೆ ಸುದ್ದಿ ತಿರುಗಿತು.

ಪರೀಕ್ಷೆಯ ಕೋಣೆಯಲ್ಲಿ ಮಕ್ಕಳನ್ನು ಕಾಯುವುದೂ ಒಂದು ಯಂತ್ರವೇ. ಟೆಸ್ಸಾಳ ಎಡಗೈ ಬೆಂಚಿನ ಕೆಳಗೆ ಪರೀಕ್ಷೆಯುದ್ದಕ್ಕೂ ಅಲುಗುತ್ತಿದ್ದುದನ್ನು ಅದು ಗುರುತು ಹಾಕಿಕೊಂಡಿತ್ತು. ಹೆಬ್ಬೆರಳು ಬೆರಳುಗಳ ಮೇಲೆ ಒಂದು ಕ್ರಮದಲ್ಲಿ ಓಡುತ್ತಿದೆ, ಆಮೇಲೆ ಸರಿಯುತ್ತರ ಬರುತ್ತಿದೆ. ಅದರ ಲೆಕ್ಕದಲ್ಲಿ ಅದು ಸಂಕೇತ, ಯಾರಿಗೋ ಕಳಿಸುತ್ತಿದ್ದ ಸನ್ನೆ. ಕೇಳಿದಾಗ ಹುಡುಗಿ, "ಎಣಿಸ್ತಾ ಇದ್ದೆ, ಮಿಸ್ ಹಾರ್ಪರ್ ಕಲಿಸಿದ್ದು," ಅಂದಳು. ಊರಿನಲ್ಲಿ ಯಾರಾದರೂ ಹಾಗೆ ಎಣಿಸಿದ್ದನ್ನು ಯಾರೂ ಕಂಡಿರಲಿಲ್ಲ. ಸುದ್ದಿ ವಿಟ್‌ಕಾಂಬನ ಕಿವಿಗೆ ಬಿತ್ತು. ಅವನೂ ಸದಸ್ಯನಾಗಿದ್ದ ವಿಚಾರಣಾ ಸಮಿತಿ ಹಾರ್ಲನ್ ಫೋರ್ಕಿಗೇ ಬರುವುದೆಂದಾಯಿತು. ನಕಲು ಮಾಡಿದ್ದು ಸಾಬೀತಾದರೆ ಟೆಸ್ಸಾ ಮೂರನೇ ವರ್ಷವೂ ಅದೇ ಬೆಂಚಿನಲ್ಲಿ ಕೂರಬೇಕು, ನಕಲುಗಾರ್ತಿ ಎಂಬ ಹೆಸರು ಅವಳು ದೊಡ್ಡವಳಾಗುವವರೆಗೂ ದಾಖಲೆಯಲ್ಲಿ ಉಳಿಯುತ್ತದೆ.

ಪ್ರಭು ಕಸ್ತೂರಿಯನ್ನು ಒಳಗೆ ಕರೆದು ಕುರ್ಚಿ ಕೊಟ್ಟರು. ಅವರು ಕುರ್ಚಿ ಕೊಟ್ಟರೆಂದರೆ ಮಾತು ಕಹಿಯೆಂದು ಕೇಂದ್ರದಲ್ಲೆಲ್ಲರಿಗೂ ಗೊತ್ತಿತ್ತು.

"ಸಮಿತಿ ಮುಂದ ಮಿಸ್ ಹಾರ್ಪರ್ ಮಾತಾಡಬೇಕ್ರಿ ಮೇಡಂ. ಕಂಪನಿ ವಕೀಲರು ಎರಡ ಮಾತ ಕಳಿಸ್ಯಾರ. ‘ನಾನು ಹಂಗ ಎಣಿಸೂದು ಕಲಿಸಿಲ್ಲ, ಆ ಹುಡುಗಿ ಎಲ್ಲಿ ಕಲ್ತಳೋ ನನಗ ಗೊತ್ತಿಲ್ಲ.’ ಇಷ್ಟ ಅಂದು ಬಿಟ್ರ ಮುಗೀತು."

"ಹಂಗಂದ್ರ ಹುಡಿಗಿ ಸುಳ್ಳ ಹೇಳ್ತಾಳ ಅಂದಂಗ ಆತಲ್ರಿ."

"ಹುಡಿಗಿ ಅದು. ನಾಳೆ ಮರೀತೈತಿ." ಪ್ರಭು ಕಿಟಕಿಯ ಕಡೆ ನೋಡಿದರು. ಕೆಟ್ಟ ಮನುಷ್ಯನೇನಲ್ಲ, ಮಗಳ ಮದುವೆ ನಿಶ್ಚಯವಾಗಿತ್ತು. "ಇಲ್ಲಾ, ನಾನ ಕಲಿಸೇನಿ ಅಂತ ಅಂದ್ರಿ ಅಂದ್ರ, ಎಲ್ಲಿ ಕಲ್ತಿ ಅಂತ ಕೇಳ್ತಾರ. ಒಂದು ಎಳಿ ಹಿಡದು ಜಗ್ಗಿದ್ರ ಪೂರಾ ಅರಿವಿ ಬಿಚ್ಚತೈತಿ. ನಲವತ್ತು ಮನಿ ಒಲಿ ಇಲ್ಲಿ ಉರಿತಾವ್ರಿ. ಶಕೀಲಾ ಅವರ ಗಂಡಗ ನೌಕರಿ ಇಲ್ಲ, ಗೊತ್ತೈತಿಲ್ಲ ನಿಮಗ?"

ಗೊತ್ತಿತ್ತು.

ಮರುದಿನ ಅವಳು ನಿದ್ದೆಯಿಲ್ಲದೆ ಮಾಳಿಗೆಯಿಂದ ಇಳಿದು ಬಂದು ಮಗ್ಗದ ಕಟ್ಟೆಯ ಮೇಲೆ ಕೂತಳು. ಪಾರವ್ವ ಕೇಳಲಿಲ್ಲ, ಚಹಾ ಕೊಟ್ಟಳು. ಕಸ್ತೂರಿ ತಾನಾಗಿಯೇ ಎಲ್ಲ ಹೇಳಿದಳು, ಅಪ್ಪನ ಡಬ್ಬಿಯ ಮಾತೊಂದನ್ನು ಬಿಟ್ಟು.

"ಅಲ್ಲವಾ," ಪಾರವ್ವ ನಿಧಾನವಾಗಿ ಅಂದಳು, "ಆ ಹುಡಿಗಿಗಿ ನೀ ಯಾರಂತನ ಗೊತ್ತಿಲ್ಲ. ನಿನ್ನ ಮಾರಿ ನೋಡಿಲ್ಲ, ನಿನ್ನ ಹೆಸರ ಕೇಳಿಲ್ಲ. ನಾಳೆ ನೀ ಎದುರಿಗಿ ನಿಂತ್ರ ಹಾದಿ ಬಿಟ್ಟು ಹೋಗತೈತಿ. ಅದಕ್ಕ ಇಷ್ಟ ಮಂದಿ ಅನ್ನ ಕಳೀತಿ?"

"ಅದನ್ನ ಕೇಳಾಕ ಬಂದೇನಿ ನಾನೂ."

"ನನ್ನ ಕೇಳಿದ್ರ ಕಳೀಬ್ಯಾಡ ಅಂತೇನಿ." ಆಮೇಲೆ ತುಂಡಾದ ಎಳೆಯೊಂದನ್ನು ಗಂಟುಹಾಕಿದಳು. "ಆದ್ರ ನೀ ಕೇಳಾಂಗಿಲ್ಲ."

ವಿಚಾರಣೆ ಅಲ್ಲಿ ಬೆಳಿಗ್ಗೆ, ಇಲ್ಲಿ ಸಂಜೆ. ಶಾಲೆಯ ಆಟದ ಹಾಲಿನಲ್ಲಿ ಮೇಜು ಹಾಕಿದ್ದರು. ಊರಿಗೆ ಊರೇ ನೆರೆದಿತ್ತು. ಮುಂದಿನ ಸಾಲಿನಲ್ಲಿ ಟೆಸ್ಸಾ, ಹೊಸ ಫ್ರಾಕಿನಲ್ಲಿ, ಉದ್ದನೆಯ ಕಾಲುಗಳನ್ನು ಏನು ಮಾಡಬೇಕೆಂದು ತಿಳಿಯದೆ ಕೂತಿದ್ದಳು. ಪಕ್ಕದಲ್ಲಿ ಅವಳಪ್ಪ, ಟೊಪ್ಪಿಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು. ಕಸ್ತೂರಿ ಅವನನ್ನು ನೋಡಿದ್ದು ಅದೇ ಮೊದಲು.

ಪ್ರಮಾಣವಾದಮೇಲೆ ವಿಟ್‌ಕಾಂಬ್ ಕೇಳಿದ, "ಮಿಸ್ ಹಾರ್ಪರ್, ಈ ಮಗುವಿಗೆ ಹೀಗೆ ಬೆರಳಾಡಿಸುವುದನ್ನು ನೀವು ಕಲಿಸಿದ್ದೀರಾ?"

ಪರದೆಯ ಮೇಲೆ ಮಿಸ್ ಹಾರ್ಪರ್ ಬಾಯಿ ತೆರೆದರು, ಮುಚ್ಚಿದರು. ಟೆಸ್ಸಾ ಅವರನ್ನೇ ನೋಡುತ್ತಿದ್ದಳು. ಆ ಕಣ್ಣಿನಲ್ಲಿ ಹೆದರಿಕೆ ಎಳ್ಳಷ್ಟೂ ಇರಲಿಲ್ಲ. ಮಿಸ್ ಹಾರ್ಪರ್ ಬಂದಿದ್ದಾರೆ, ಇನ್ನು ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ತುಂಬಿಕೊಂಡಿತ್ತು.

ಕಸ್ತೂರಿ ಕೊರಳ ಪಟ್ಟಿಯ ಕೊಂಡಿ ಬಿಚ್ಚಿದಳು. ಗುಂಡಿ ಒತ್ತಿ ಛಾಯೆಯನ್ನು ಆರಿಸಿದಳು.

ಆಟದ ಹಾಲಿನಲ್ಲಿ ಮೊದಲು ಗಲಿಬಿಲಿಯಾಯಿತು, ಆಮೇಲೆ ಗದ್ದಲ. ನಸುಗೆಂಪು ಕೂದಲು ಹೋಗಿ, ನಡುಬೈತಲೆಯ, ಹಣೆಗೆ ವಿಭೂತಿಯ ಗೀರಿದ್ದ, ಕಣ್ಣ ಕೆಳಗೆ ಕಪ್ಪಾದ ಹೆಂಗಸೊಬ್ಬಳು ಅಲ್ಲಿ ಕೂತಿದ್ದಳು.

"ನನ್ನ ಹೆಸರು ಕಸ್ತೂರಿ," ಅವಳು ತನ್ನ ಇಂಗ್ಲಿಷಿನಲ್ಲಿ ಅಂದಳು. ತನ್ನ ದನಿ ಆ ಹಾಲಿನ ಗೋಡೆಗೆ ಬಡಿದು ತನಗೇ ಹಿಂದಿರುಗಿದ್ದು ಕೇಳಿ ಒಂದು ಕ್ಷಣ ತಡೆದಳು. "ಭಾರತದಲ್ಲಿ ಗದಗ ಅಂತ ಊರಿದೆ. ನಮ್ಮಲ್ಲಿ ಎಲ್ಲರೂ ಹೀಗೇ ಎಣಿಸುತ್ತಾರೆ. ನಾನೇ ಕಲಿಸಿದೆ. ಹುಡುಗಿ ನಕಲು ಮಾಡಿಲ್ಲ."

ಗೂಡಿನ ಗಾಜಿನ ಹೊರಗೆ ಪ್ರಭು ತಲೆಯ ಮೇಲೆ ಕೈ ಹೊತ್ತು ಕೂತಿದ್ದು ಕಾಣುತ್ತಿತ್ತು.

ವಿಟ್‌ಕಾಂಬ್‌ಗೆ ಬೇಕಾದ್ದು ಸಿಕ್ಕಿಬಿಟ್ಟಿತ್ತು. ಆದರೂ ಅವನು ಬುದ್ಧಿವಂತ, ಕೇಳಬೇಕಾದ್ದನ್ನೇ ಕೇಳಿದ. "ಈಕೆಯೇ ಆ ಶಿಕ್ಷಕಿ ಎನ್ನುವುದಕ್ಕೆ ಏನು ಪುರಾವೆ? ಮಗುವನ್ನು ಉಳಿಸಲು ಕಂಪನಿ ಯಾರನ್ನೋ ತಂದು ಕೂರಿಸಿರಬಹುದು. ಟೆಸ್ಸಾ, ಈ ಹೆಂಗಸು ನಿನಗೆ ಗೊತ್ತೇ?"

ಟೆಸ್ಸಾ ಅಪ್ಪನ ತೋಳು ಹಿಡಿದುಕೊಂಡಿದ್ದಳು. "ಇಲ್ಲ," ಅಂದಳು. "ಇವರ್‍ಯಾರೋ ನಂಗೆ ಗೊತ್ತಿಲ್ಲ."

ಪುರಾವೆ ಕಸ್ತೂರಿಯ ನಾಲಿಗೆಯ ತುದಿಯಲ್ಲೇ ಇತ್ತು. ಊಟದ ಡಬ್ಬಿ, ಮುಚ್ಚಿದ ಗೇಟು, ಅದರ ಮುಂದೆ ನಿಲ್ಲಿಸಿದ ಗಾಡಿ. ಒಂದು ಮಾತು ಸಾಕಿತ್ತು. ಆ ಮನುಷ್ಯ ಅಲ್ಲೇ, ಊರ ಜನರ ನಡುವೆ, ಟೊಪ್ಪಿಗೆಯ ಅಂಚು ತಿರುವುತ್ತಾ ಕೂತಿದ್ದ. ಕಸ್ತೂರಿ ಆ ಮಾತನ್ನು ನುಂಗಿಕೊಂಡಳು.

"ಒಂದು ಲೆಕ್ಕ ಕೊಡಬಹುದೇ?" ಎಂದು ಕೇಳಿದಳು. ಯಾರೂ ಬೇಡವೆನ್ನಲಿಲ್ಲ. "ಒಂದು ಪೆಟ್ಟಿಗೆಯಲ್ಲಿ ಹದಿನಾಲ್ಕು ಗೇರ್. ಆರು ಪೆಟ್ಟಿಗೆಗೆ ಎಷ್ಟು?"

ಟೆಸ್ಸಾಗೆ ಆ ಉಚ್ಚಾರ ತಿಳಿಯಲಿಲ್ಲ. ಸಮಿತಿಯ ಗುಮಾಸ್ತೆ ಅದನ್ನೇ ತಿರುಗಿ ಹೇಳಿದಳು.

"ಎಪ್ಪತ್ತನಾಲ್ಕು," ಅಂದಳು ಟೆಸ್ಸಾ, ಗಾಬರಿಯಲ್ಲಿ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ವಿಟ್‌ಕಾಂಬ್ ಕಾಗದ ಸರಿಸಿದ. "ತಪ್ಪು. ಇನ್ನೇನಾದರೂ ಇದೆಯೇ, ಮೇಡಂ?"

ಕಸ್ತೂರಿ ಏನೂ ಹೇಳಲಿಲ್ಲ.

"ಮೇಡಂ, ಕೇಳಿಸುತ್ತಿದೆಯೇ? ಸಂಪರ್ಕ ಹೋಯಿತೇ?"

ಅವಳು ಅಲುಗಲಿಲ್ಲ. ನಗಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ, ತಲೆಯಾಡಿಸಿ ಸುಳಿವು ಕೊಡಲಿಲ್ಲ. ಹುಡುಗಿಯ ಕಡೆ ನೋಡಿಕೊಂಡು ಸುಮ್ಮನೆ ಕಾದಳು. ಹಾಲಿನ ಗುಜುಗುಜು ತಾನಾಗಿ ಇಳಿಯಿತು. ಅಷ್ಟು ಜನರಿರುವ ಜಾಗದಲ್ಲಿ ಅಷ್ಟು ಹೊತ್ತು ಯಾರೂ ಮಾತಾಡದೆ ಇದ್ದದ್ದು ಆ ಊರಿನವರಿಗೆ ಚರ್ಚಿನ ಹೊರಗೆ ನೆನಪಿರಲಿಕ್ಕಿಲ್ಲ. ಗುಮಾಸ್ತೆ ಏನೋ ಹೇಳಹೋದಳು, ಸಮಿತಿಯ ಅಧ್ಯಕ್ಷರು ಕೈಯೆತ್ತಿ ತಡೆದರು.

ಟೆಸ್ಸಾ ಪರದೆಯನ್ನು ನೋಡುತ್ತಲೇ ಇದ್ದಳು. ಮೊದಲು ಹೆದರಿಕೆಯಿಂದ, ಆಮೇಲೆ ಎಲ್ಲೋ ಕೇಳಿದ ಹಾಡನ್ನು ಗುರುತು ಹಿಡಿಯುವವರಂತೆ ತಲೆ ವಾಲಿಸಿ. ಅವಳ ಎಡಗೈ ತಾನಾಗಿ ಮೊಣಕಾಲ ಮೇಲೆ ತೆರೆದುಕೊಂಡಿತು. ಹೆಬ್ಬೆರಳು ಮೆಟ್ಟಿಲು ಹತ್ತಿತು. ಎಲ್ಲರ ಕಣ್ಣೆದುರಿಗೇ ಹತ್ತಿತು.

"ಅರವತ್ತು," ಅಂದಳು, ತನಗೇ ಹೇಳಿಕೊಳ್ಳುವಂತೆ. "ಆಮೇಲೆ ಎರಡು ಕೈ ತುಂಬ, ಇಪ್ಪತ್ತನಾಲ್ಕು. ಎಂಬತ್ತನಾಲ್ಕು."

ಆಮೇಲೆ ಮುಖವೆತ್ತಿ ಆ ಅಪರಿಚಿತ ಹೆಂಗಸನ್ನು ನೋಡಿದಳು. "ಮಿಸ್ ಹಾರ್ಪರ್ ಹೀಗೇ ಕಾಯ್ತಾರೆ," ಅಂದಳು. "ಬೇರೆ ಯಾರೂ ಕಾಯಲ್ಲ."

ಅಧ್ಯಕ್ಷರು ಅಕ್ಕಪಕ್ಕದವರೊಂದಿಗೆ ಪಿಸುಗುಟ್ಟಿದರು. ಮಗುವಿನ ಅಂಕಗಳು ಹಾಗೇ ಉಳಿಯುತ್ತವೆ, ನಕಲಿನ ಆರೋಪ ಬಿದ್ದುಹೋಗಿದೆ, ಉಳಿದ ವಿಷಯ ಸದನದಲ್ಲಿ ಚರ್ಚೆಯಾಗಲಿ ಎಂದರು. ಅವಳಪ್ಪ ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡ. ಈಗ ಹುಡುಗಿ ನಗುತ್ತಾಳೆ ಅಂದುಕೊಂಡಳು ಕಸ್ತೂರಿ.

ಟೆಸ್ಸಾ ಎದ್ದು ನಿಂತಿದ್ದಳು. ಅವಳ ಕಣ್ಣು ಪರದೆಯ ಆಚೆ ಈಚೆ ಯಾರನ್ನೋ ಹುಡುಕುತ್ತಿತ್ತು.

"ಹಾಗಾದರೆ ಮಿಸ್ ಹಾರ್ಪರ್ ಎಲ್ಲಿ?" ಅಂದಳು.

ಅವಳಪ್ಪ ಅವಳ ಭುಜ ಹಿಡಿದು ಕೂರಿಸಹೋದ.

"ನಂಗೆ ಮಿಸ್ ಹಾರ್ಪರ್ ಬೇಕು. ಎಲ್ಲಿದಾರೆ ಅವರು?"

"ಆ ಪ್ರಶ್ನೆ ಕಲಾಪಕ್ಕೆ ಸೇರಿದ್ದಲ್ಲ," ಎಂದು ಅಧ್ಯಕ್ಷರು ಮೆದುವಾಗಿಯೇ ಹೇಳಿ ಸುತ್ತಿಗೆ ಬಡಿದರು. ಪರದೆ ಬೂದುಬಣ್ಣಕ್ಕೆ ತಿರುಗಿತು. ಕಸ್ತೂರಿಯ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

ಹೊರದೇಶದಿಂದ ಪಾಠ ಹೇಳಿಸುವುದನ್ನು ನಿಷೇಧಿಸುವ ಮಸೂದೆ ಅಲ್ಲಿ ಪಾಸಾಯಿತು. ಕೇಂದ್ರ ಮುಚ್ಚಲು ಬಹಳ ದಿನ ಬೇಕಾಗಲಿಲ್ಲ. ಪಕ್ಕದ ಗೂಡಿನಲ್ಲಿ ಶಕೀಲಾ ಸಾಮಾನು ಕಟ್ಟುತ್ತಾ ಅಂದಳು, "ನೀ ಮಾಡಿದ್ದು ಸರೀನ ಐತಿ. ನಿನ್ನ ಜಾಗಾದಾಗ ನಾನಿದ್ರ ನನಗ ಆಗ್ತಿದ್ದಿಲ್ಲ. ಆದ್ರ ಸ್ವಲ್ಪ ದಿನ ನನ್ನ ಕೂಡ ಮಾತಾಡಬ್ಯಾಡ, ಕಸ್ತೂರಿ." ಕಸ್ತೂರಿ ಸುಮ್ಮನೆ ತಲೆಯಾಡಿಸಿದಳು. ಆಮೇಲೆ ಸಂತೆಯಲ್ಲಿ ಕೇಂದ್ರದವರು ಎದುರಾದರೆ ಕಾಯಿಪಲ್ಯದ ಬುಟ್ಟಿಯ ಕಡೆ ಬಗ್ಗಿಬಿಡುತ್ತಿದ್ದರು. ಅವಳೂ ಬಗ್ಗುವುದನ್ನು ಕಲಿತಳು.

ಹಾರ್ಲನ್ ಫೋರ್ಕಿನಲ್ಲಿ ಹೊಸ ವರ್ಷದ ಶಾಲೆ ಶುರುವಾಯಿತೆಂದು ಅವಳು ಮೊಬೈಲಿನಲ್ಲಿ ಓದಿದಳು. ಕಂಪನಿ ಮಿಸ್ ಹಾರ್ಪರ್ ಅವರ ಮುಖವನ್ನೂ ದನಿಯನ್ನೂ ರಾಜ್ಯಕ್ಕೆ ಮಾರಿತ್ತು. ಈಗ ಅದರ ಹಿಂದೆ ಅಲ್ಲಿನವರೇ ಯಾರೋ ಕೂರುತ್ತಾರಂತೆ. ಐದನೇ ತರಗತಿಯ ಮಕ್ಕಳ ಪಟವಿತ್ತು. ಟೆಸ್ಸಾ ಈಗಲೂ ಎಲ್ಲರಿಗಿಂತ ಉದ್ದ, ಆದರೆ ಅವರ ಜೊತೆಯಲ್ಲೇ ಮುಂದಿನ ತರಗತಿಗೆ ಬಂದು ನಿಂತಿದ್ದಳು. ನಗುತ್ತಿದ್ದಳೋ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಳೋ ತಿಳಿಯುವಂತಿರಲಿಲ್ಲ.

ಮಾಳಿಗೆಯ ಕಿಟಕಿಯಿಂದ ಇಳಿಬಿಸಿಲು ಬೀಳುತ್ತಿತ್ತು. ಕೆಲಸಕ್ಕೆ ಹೊರಡುತ್ತಿದ್ದ ಹೊತ್ತು ಅದು. ಕಸ್ತೂರಿ ಗೋಡೆಗೆ ಒರಗಿ ಕೂತು ಆ ಪಟವನ್ನು ಎಷ್ಟೋ ಹೊತ್ತು ನೋಡಿದಳು. ಆಮೇಲೆ ತನ್ನದೇ ದನಿಯಲ್ಲಿ, ಆಚೆಗೂ ಕೇಳುವಷ್ಟು ಗಟ್ಟಿಯಾಗಿ, ಇಂಗ್ಲಿಷಿನಲ್ಲಿ ಅಂದಳು, "ನಾನು ಇಲ್ಲೇ ಇದ್ದೀನಿ."

ಕೆಳಗೆ ಮಗ್ಗ ನಿಂತಿತು. "ಕಸ್ತೂರೀ, ನನಗೇನರ ಅಂದೇನವಾ?" ಪಾರವ್ವ ಕೂಗಿದಳು.

"ಇಲ್ಲ ಪಾರಕ್ಕಾ. ನಿನಗಲ್ಲ."

ಪಾರವ್ವ ಮತ್ತೇನಾದರೂ ಬರಬಹುದೆಂದು ಸ್ವಲ್ಪ ತಡೆದಳು. ಆಮೇಲೆ ಮಗ್ಗ ಮತ್ತೆ ಶುರುವಾಯಿತು.